ನೋವಿಲ್ಲದಕ್ಕ ಕೇಳದೆ ಬಿಟ್ಟ ಪ್ರಶ್ನೆ

ರಕ್ತ ಪರೀಕ್ಷೆಯ ಆ ಸಣ್ಣ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ‘ನೋವಿಲ್ಲದಕ್ಕ’ ಎಂದೇ. ಹದಿನೆಂಟು ವರ್ಷಗಳಿಂದ ಅದೇ ಕುರ್ಚಿಯ ಪಕ್ಕ ನಿಂತು ಸೂಜಿ ಹಿಡಿದವಳು. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳ ತುದಿಯಲ್ಲಿ ನರ ತಡವಿ, “ಜ್ವರ ಇತ್ತಾ? ನೆಗಡಿ? ಹಲ್ಲುನೋವು?” ಎಂದು ಮಾತಿಗೆಳೆಯುವಷ್ಟರಲ್ಲಿ ಟ್ಯೂಬು ತುಂಬಿರುತ್ತಿತ್ತು. “ಚುಚ್ಚಿದ್ರಾ?” ಎಂದು ಕೇಳಿದವರೂ ಉಂಟು.

ಅಂಥ ಗಟ್ಟಿಗಿತ್ತಿ ಮನೆಗೆ ಬಂದು ಮಗಳ ಮುಖ ನೋಡಿದರೆ ಕರಗಿಹೋಗುತ್ತಿದ್ದಳು. ಹದಿನಾರರ ಹುಡುಗಿ, ಹಣೆ, ಕೆನ್ನೆ, ಗದ್ದದ ತುಂಬ ಕೆಂಪು ಮೊಡವೆ. ತಾಯಿ ಮೊದಲು ದಿಂಬಿನ ಕವರನ್ನು ದೂರಿದಳು, ಆಮೇಲೆ ಸೋಪನ್ನು, ಕೊನೆಗೆ ಚಾಕೊಲೇಟನ್ನು.

“ತಿಂದು ತಿಂದೇ ಹಿಂಗಾಗಿರೋದು.”

“ಅಣ್ಣನೂ ತಿಂತಾನಲ್ಲ? ಅವನ ಮುಖ ಒರೆಸಿಟ್ಟ ತಟ್ಟೆ ಥರ ಇದೆ!”

ಆ ಮಾತು ತಾಯಿಯ ತಲೆ ಕೊರೆಯತೊಡಗಿತು. ಅದೇ ತಿಂಗಳು ಚರ್ಮದ ಡಾಕ್ಟರಮ್ಮ, ಮೊಡವೆ ಇದ್ದವರ ರಕ್ತವನ್ನೂ ಇಲ್ಲದವರ ರಕ್ತವನ್ನೂ ಹೋಲಿಸಿ ನೋಡಲು ಲ್ಯಾಬಿಗೆ ಜನರನ್ನು ಕಳಿಸುತ್ತಿದ್ದರು. ಮೈಯಲ್ಲಿ ಎಲ್ಲಾದರೂ ಉರಿಯೂತವಿದ್ದರೆ ರಕ್ತದಲ್ಲಿ ಸಿ.ಆರ್.ಪಿ. ಎಂಬ ಅಂಶ ಏರುವುದುಂಟು. ಬಿಳಿ ರಕ್ತಕಣಗಳ ಪ್ರಮಾಣವೂ ಬದಲಾಗಬಹುದು. ಮೊಡವೆಗೂ ಅದಕ್ಕೂ ನಂಟಿದೆಯೇ? ನೋವಿಲ್ಲದಕ್ಕನಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಮಗಳನ್ನೇ ಲ್ಯಾಬಿನ ಕುರ್ಚಿಯಲ್ಲಿ ಕೂರಿಸಿದಳು. ನರ ಸಿಗದೆ ಎರಡು ಸಲ ಚುಚ್ಚಬೇಕಾಯಿತು.

“ನೋವಿಲ್ಲದಕ್ಕ ಅಂತೆ!” ಮಗಳು ಮುಖ ಸಿಂಡರಿಸಿದಳು.

ಐದರೊಳಗೆ ಇರಬೇಕಾದ ಸಿ.ಆರ್.ಪಿ. ಇಪ್ಪತ್ತೆರಡು ಬಂತು. ಮಗಳ ರಕ್ತಕ್ಕೇ ಏನೋ ದೊಡ್ಡ ರೋಗ ಹತ್ತಿದೆ, ಮೊಡವೆ ಬರೀ ಅದರ ಸೂಚನೆ ಎಂದು ತಾಯಿ ತೀರ್ಮಾನಿಸಿಬಿಟ್ಟಳು. ಮರುದಿನ ಹುಡುಗಿಯನ್ನು ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ವರದಿ ಹಿಡಿದಳು.

ಅವರು ಕಣ್ಣಾಡಿಸಿ, “ಜ್ವರ, ಹಲ್ಲುನೋವು ಏನಾದ್ರೂ ಇತ್ತಾ ಕೇಳಿದ್ರಾ ಅಕ್ಕಾ?” ಎಂದರು.

ದಿನಕ್ಕೆ ಅರವತ್ತು ಜನರನ್ನು ಕೇಳುವವಳು ಮಗಳೊಬ್ಬಳನ್ನು ಕೇಳಿರಲಿಲ್ಲ.

ಹುಡುಗಿ ಮೆಲ್ಲಗೆ ಬಾಯಿ ತೆರೆದು ತೋರಿಸಿದಳು. ಕೊನೆಯ ಹಲ್ಲಿನ ವಸಡು ಕೀವುಗಟ್ಟಿ ಊದಿತ್ತು. “ನಾಲ್ಕು ದಿನ ಆಯ್ತು. ಹೇಳಿದ್ರೆ ಮತ್ತೆ ಚಾಕೊಲೇಟ್ ಪುರಾಣ ಶುರು ಮಾಡ್ತಿದ್ದೆ ನೀನು.”

ಹಲ್ಲಿನ ಚಿಕಿತ್ಸೆ ಮುಗಿದು ಮೂರು ವಾರಕ್ಕೆ ಮತ್ತೆ ನೋಡಿದರೆ ಸಿ.ಆರ್.ಪಿ. ಬರೀ ಎರಡು. ಮೊಡವೆ ಮಾತ್ರ ಇದ್ದಲ್ಲೇ ಇತ್ತು. ತಾಯಿಗೆ ಹೋದ ಜೀವ ಬಂತು. ಮಗಳಿಗೆ ಕುತೂಹಲ ಹುಟ್ಟಿತು.

“ಹಾಗಾದ್ರೆ ರಕ್ತಕ್ಕೂ ಇದಕ್ಕೂ ಸಂಬಂಧವೇ ಇಲ್ವಾ ಡಾಕ್ಟ್ರೇ?”

“ಮೊಡವೆಯೊಳಗೆ ಉರಿಯೂತ ಇದ್ದೇ ಇದೆ ಕಣಮ್ಮ. ಅದರ ಸುಳಿವು ರಕ್ತಕ್ಕೆ ಮುಟ್ಟುತ್ತಾ ಅನ್ನೋದನ್ನೇ ಹುಡುಕ್ತಿರೋದು. ಕೆಲವರಲ್ಲಿ ಕಾಣುತ್ತೆ, ಕೆಲವರಲ್ಲಿ ಇಲ್ಲ. ಒಂದು ಅಂಕಿ ನೋಡಿ ನಿನ್ನ ಮುಖದ ಕಥೆ ಹೇಳೋಕಾಗಲ್ಲ. ಮುಲಾಮು ಹಚ್ಚು, ಮೂರು ತಿಂಗಳು ತಾಳು.”

ಅಂದೇ ಮಧ್ಯಾಹ್ನ ಹುಡುಗಿ ಲ್ಯಾಬಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಗಾಜಿನ ಮೇಲೆ ಸವರಿದ ತನ್ನದೇ ರಕ್ತದ ಹನಿಯಲ್ಲಿ ಬಿಳಿ ಕಣಗಳನ್ನು ಒಂದೊಂದಾಗಿ ಗುರುತಿಸತೊಡಗಿದಳು. ತಾಯಿ ಏನೋ ಹೇಳಲು ಬಾಯಿ ತೆರೆದಳು.

“ಅಮ್ಮಾ, ನೂರು ಕಣ ಎಣಿಸ್ಬೇಕು. ಮಾತಾಡಿಸ್ಬೇಡ.”

ನೋವಿಲ್ಲದಕ್ಕ ಪಕ್ಕದ ಸ್ಟೂಲೆಳೆದು ಕೂತಳು.