ಕತ್ತರಿಮಾಮನ ಓಟು

ನಮ್ಮ ಬೀದಿಯ ಕ್ಷೌರದಂಗಡಿಯ ಕತ್ತರಿಮಾಮನಿಗೆ ಸುಮ್ಮನಿರುವುದೆಂದರೆ ಆಗದು. ಕೂದಲು ಸಿಗದಿದ್ದರೂ ಕತ್ತರಿ ಗಾಳಿಯಲ್ಲಿ ಕಚಕಚ ಆಡುತ್ತಿರಬೇಕು, ಜೊತೆಗೆ ಬಾಯಿಯೂ. ಅಲ್ಲಿ ತಲೆ ಕೊಟ್ಟು ಕೂತವರು ತಲೆ ತಿನ್ನಿಸಿಕೊಂಡೇ ಏಳಬೇಕು.

ಆ ವರ್ಷ ಅವನ ಮಾತೆಲ್ಲ ಮಗಳದೇ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ದೇಶದೇಶಗಳ ಗಾಯಕರು ಸೇರುವ ಟಿವಿ ಸ್ಪರ್ಧೆಗೆ ನಮ್ಮ ದೇಶದ ಪರವಾಗಿ ಆಯ್ಕೆಯಾಗಿದ್ದಳು. ಅದನ್ನು ಮಿಣಮಿಣ ಬಟ್ಟೆಯವರ ಕುಣಿತವೆಂದು ಆಡಿಕೊಳ್ಳುತ್ತಿದ್ದ ಬೀದಿಯವರೆಲ್ಲ ರಾತ್ರೋರಾತ್ರಿ ಸಂಗೀತ ಪಂಡಿತರಾದರು. ಹೊರಡುವಾಗ ಅವಳು ಅಪ್ಪನಿಗೆ ಹೇಳಿದ್ದು ಇಷ್ಟು: "ಫೈನಲ್‌ಗೆ ಹೋದ್ರೆ ಹಾಡೇ ನನ್ನ ಕೆಲ್ಸ. ಇಲ್ಲಾಂದ್ರೆ ಹಾಡಿನ ಮಾತೇ ಬೇಡಪ್ಪ, ವಾಪಸ್ ಬಂದು ಮಾತ್ರೆ ಮಾರ್ತೀನಿ."

ಸೆಮಿಫೈನಲ್‌ಗೆ ಮುಂಚೆ ಒಂದು ದಿನ ಮಾಮ ನನ್ನ ಒಂದು ಕೆನ್ನೆ ಬೋಳಿಸಿ ಮುಗಿಸಿದ್ದ. ಆಗ ನಮ್ಮ ಬೀದಿಯ ಟ್ಯಾಕ್ಸಿಯವನು ಬಂದು ಸ್ಪರ್ಧೆಯ ನಿಯಮ ಹೇಳಿದ: ನಮ್ಮ ದೇಶದ ಹಾಡಿಗೆ ನಾವು ಓಟು ಹಾಕುವಂತಿಲ್ಲ.

"ಹೆತ್ತಪ್ಪ ಕಣೋ ನಾನು! ನನ್ನ ಮಗಳಿಗೆ ನಾನೇ ಹಾಕ್ಬಾರ್ದಾ?"

"ಎಲ್ಲ ದೇಶಕ್ಕೂ ಅದೇ ರೂಲ್ಸು ಮಾಮ. ಸುಮ್ನೆ ನೋಡ್ತಾ ಕೂತ್ಕೋಬೇಕು."

ಸುಮ್ಮನೆ ಕೂರುವುದಂತೆ, ಅದೂ ಇವನು! ನನ್ನ ಇನ್ನೊಂದು ಕೆನ್ನೆಯ ನೊರೆ ಒಣಗಿಹೋಗುವಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆಯಿತು.

"ನಮ್ಮ ಓಟಿನಿಂದ ನಮ್ಮ ದೇಶ ಕೊಡೋ ಅಂಕ ಯಾರಿಗಾದ್ರೂ ಹೋಗ್ಲೇಬೇಕಲ್ಲ? ಚೆನ್ನಾಗಿ ಹಾಡೋರಿಗೆ ಹೋದ್ರೆ ತಾನೇ ಅವಳಿಗೆ ಪೆಟ್ಟು? ಎಲ್ರಿಗಿಂತ ಕೆಟ್ಟದಾಗಿ ಹಾಡೋರಿಗೆ ಹಾಕೋಣ. ಅವರು ಹೇಗೂ ಗೆಲ್ಲಲ್ಲ."

ಕೆಟ್ಟದಾಗಿ ಹಾಡುವವರನ್ನು ಹುಡುಕಬೇಕಾಗಿರಲಿಲ್ಲ. ಅದೇ ಸ್ಪರ್ಧೆಯಲ್ಲಿ ಕಪ್ಪೆ ಟೋಪಿ ಹಾಕಿಕೊಂಡು ವಟಗುಟ್ಟುವ, ಬೇರೊಂದು ದೇಶದ ಇಬ್ಬರು ಅಣ್ಣತಮ್ಮಂದಿರಿದ್ದರು. "ಭಲೇ ಮಾಮ" ಎಂದೆ ನಾನು. ಟ್ಯಾಕ್ಸಿಯವನು ತನ್ನ ಗಾಡಿ ಹತ್ತಿದವರಿಗೆಲ್ಲ ಸಾರಿದ. ಉಪಾಯ ಫೋನಿನಿಂದ ಫೋನಿಗೆ ಹಾರಿ ದೇಶವನ್ನೆಲ್ಲ ಸುತ್ತಿತು. ನಮ್ಮ ಹುಡುಗಿಯ ಮೇಲೆ ಜನಕ್ಕೆ ಅಷ್ಟು ಪ್ರೀತಿ.

ಸೆಮಿಫೈನಲ್ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಚೆನ್ನಾಗಿ ಹಾಡಿದಳು, ಬಹಳ ಚೆನ್ನಾಗಿ. ಮಾಮ ಗಿರಾಕಿಗಳ ಟವೆಲಿನಲ್ಲೇ ಕಣ್ಣೊರೆಸಿಕೊಂಡ. ಆಮೇಲೆ ಎಲ್ಲರೂ ನಗುನಗುತ್ತ ಕಪ್ಪೆಗಳಿಗೆ ಓಟು ಒತ್ತಿದೆವು. ಫೈನಲ್‌ಗೆ ಹೋಗುವ ಹತ್ತು ಹೆಸರುಗಳನ್ನು ಒಂದೊಂದಾಗಿ ಕರೆದರು. ಒಂಬತ್ತಾದರೂ ಅವಳ ಹೆಸರಿಲ್ಲ. ಹತ್ತನೆಯದಾಗಿ ಕರೆದದ್ದು ಕಪ್ಪೆ ಟೋಪಿಯವರನ್ನು. ಯಾರೋ ಕಿಸಕ್ಕೆಂದು ನಕ್ಕು, ಮಾಮನ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಮರುದಿನ ಅಂಕಗಳು ಹೊರಬಿದ್ದವು. ಕಪ್ಪೆಗಳಿಗೆ ಬೇರೆ ದೇಶದವರು ಕೊಟ್ಟದ್ದು ಅಷ್ಟಕ್ಕಷ್ಟೆ. ಪೂರ್ತಿ ಅಂಕ ಸುರಿದದ್ದು ನಮ್ಮ ದೇಶ. ನಮ್ಮ ಹುಡುಗಿ ಹನ್ನೊಂದನೆಯವಳು. ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿಹಾಕಿಕೊಂಡಿದ್ದೆವು, ಅದೂ ಜೈಕಾರ ಹಾಕುತ್ತ.

ಮಧ್ಯಾಹ್ನ ಅವಳ ಫೋನು ಬಂತು. ಮಾಮನ ಕೈಯೆಲ್ಲ ನೊರೆ. ನಾನೇ ಸ್ಪೀಕರ್ ಒತ್ತಿ ಹಿಡಿದೆ.

"ಅಪ್ಪ, ನಮ್ಮವರೆಲ್ಲ ಅವರಿಗೇ ಹಾಕಿದ್ದಾರಂತೆ. ಆ ಹಾಡು ಅಷ್ಟು ಇಷ್ಟ ಆಯ್ತಾ?"

ಮಾಮ ನನ್ನ ಮುಖ ನೋಡಿದ. ನಿಜ ಹೇಳಿದರೆ ಅವಳನ್ನು ಸೋಲಿಸಿದ್ದು ಅಪ್ಪನೇ ಎಂದಾಗುತ್ತದೆ.

"ಪರವಾಗಿಲ್ಲ... ಚೆನ್ನಾಗಿತ್ತು ಕಣಮ್ಮ."

"ನೀನೂ ಅವರಿಗೇ ಹಾಕಿದ್ಯಾ?"

ಮಾಮನಿಗೆ ಅವಳ ಹತ್ತಿರ ಎರಡನೆಯ ಸುಳ್ಳು ಬಾಯಿಗೆ ಬರಲಿಲ್ಲ. "ಹೂಂ," ಎಂದ.



"ಸರಿ ಬಿಡಪ್ಪ. ಸೋಮವಾರದಿಂದ ಕೆಲ್ಸಕ್ಕೆ ಬರ್ತಾಳೆ ಅಂತ ಔಷಧಿ ಅಂಗಡಿಯವರಿಗೆ ಹೇಳ್ಬಿಡು."

"ಅದು ಹಾಗಲ್ಲ ಕಣೇ, ನಾನು..." ಎಂದು ಮಾಮ ಶುರುಮಾಡುವಷ್ಟರಲ್ಲಿ ಅವಳು ಫೋನು ಇಟ್ಟಾಗಿತ್ತು.