ಒಂದು ಗೇಣು ಜಾಗ

ಕಾಲು ಕಾಯುವ ಹೊಸ ಗಾರ್ಡ್ ಹಾಕಿದ ಬೈಕನ್ನು ಗೋಣಿಚೀಲದ ಮೇಲೆ ಮಲಗಿಸಿ, ತಾನೂ ಪಕ್ಕದಲ್ಲೇ ಮಲಗಿ, ಅದರಡಿಗೆ ಕಾಲು ತೂರಿಸಿ ನೋಡುತ್ತಿದ್ದ ಮನುಷ್ಯ ಮಾಗಡಿಯ ವೆಲ್ಡಿಂಗ್ ಸಿದ್ಲಿಂಗಪ್ಪ. ಕಾಲು ಸಲೀಸಾಗಿ ಆಡಿದರೆ ಎದ್ದು ಧೂಳು ಕೊಡವಿ "ತಗೊಂಡೋಗಿ" ಅನ್ನೋನು. ಸಿಕ್ಕಿಕೊಂಡರೆ ಮತ್ತೆ ಪೈಪು ಬಿಚ್ಚೋನು. ಅಂಗಡಿ ಮುಂದೆ ಬಸ್ಸಿಗೆ ಕಾಯುವವರೆಲ್ಲ ನಗೋರು.

"ನಗ್ರಪ್ಪಾ ನಗ್ರಿ. ನಾನು ಬೇಕಂತ ಬಿದ್ದು ನೋಡ್ತೀನಿ, ನೀವು ಬ್ಯಾಡ ಅಂದ್ರೂ ಬೀಳ್ತೀರಿ!"

ನನ್ನ ಮೊಮ್ಮಗಳು ಪವಿತ್ರಾಗೆ ಬಿಡದಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ತಾತನ ಬೈಕಲ್ಲೇ ಹೋಗ್ತೀನಿ ಅಂತ ಹಟ ಹಿಡಿದಳು. ನನಗೆ ಅವಳ ಕಾಲಿನದೇ ಚಿಂತೆ. ಗಾರ್ಡ್ ಹಾಕಿಸದೆ ಗಾಡಿ ಮುಟ್ಟಕೂಡದು ಅಂತ ನಾನೇ ಮಾಗಡಿಗೆ ಹೊರಡಿಸಿಕೊಂಡು ಹೋದೆ. ಮುಂದಿನ ಗಾರ್ಡ್ ಚೆನ್ನಾಗಿ ಕೂತಿತು. ಹಿಂದಿನದಕ್ಕೆ, ನಾನು ಒಂದೇ ಪಕ್ಕಕ್ಕೆ ಕೂತಾಗ ಕಾಲಿಡುವ ಪಟ್ಟಿ ಅಡ್ಡ ಬಂತು.

"ಆ ಪಟ್ಟಿ ಕಿತ್ತಾಕು ಮಾವ, ಅಜ್ಜಿ ಬಸ್ಸಲ್ಲಿ ಬತ್ತದೆ" ಅಂದಳು ಪವಿತ್ರ.

ಸಿದ್ಲಿಂಗಪ್ಪ ಸುತ್ತಿಗೆ ಕೆಳಗಿಟ್ಟ. "ಏನವ್ವಾ, ನಿನ್ ಕಾಲು ಉಳಿಸಾಕೆ ಅಜ್ಜಿ ಕಾಲು ನೇತಾಡ್ಬೇಕಾ? ಇರೋದನ್ನ ಕಿತ್ತಾಕಕ್ಕೆ ನಾನ್ಯಾಕೆ ಬೇಕು?"

ಮಧ್ಯಾಹ್ನವೆಲ್ಲ ಪೈಪು ಕಾಯಿಸಿ ಬಗ್ಗಿಸಿ, ನನ್ನನ್ನು ನಾಕು ಸಲ ಸೀಟಿಗೆ ಹತ್ತಿಸಿ ಇಳಿಸಿ, ಪಟ್ಟಿಯನ್ನು ಬಳಸಿಕೊಂಡು ಹೋಗುವ ಹಾಗೆ ಗಾರ್ಡ್ ಕೂರಿಸಿದ. ಆಮೇಲೆ ಗೋಣಿಚೀಲ ಹಾಸಿ ಮಲಗಿದ.

ಆ ಸುಗ್ಗಿಯಲ್ಲಿ ನಮ್ಮ ಗುಡೇಮಾರನಹಳ್ಳಿ ರಸ್ತೆಗೆ ಹುರುಳಿ ಗಿಡ ಹರಡಿದ್ದವಳು ನಾನೇ. ಬಸ್ಸು ಲಾರಿ ತುಳಿದು ಕಾಳು ಬಿಡಿಸಲಿ ಅಂತ. ತಿರುವಿನಲ್ಲಿ ಬಂದ ಪವಿತ್ರ ನನ್ನ ಕಣ್ಣೆದುರಿಗೇ ಅದರ ಮೇಲೆ ಜಾರಿ ಬಿದ್ದಳು. ಮೊರ ಬಿಸಾಕಿ ಓಡಿದೆ. ಗಾಡಿ ಅವಳ ಮೇಲೇ ಇತ್ತು. ಆದರೆ ಮುಂದಿನ ಗಾರ್ಡ್ ನೆಲ ಕಚ್ಚಿ, ಗಾಡಿಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗ ಬಿಟ್ಟಿತ್ತು. ಆ ಗೇಣಿನೊಳಗಿಂದ ನನ್ನ ಕೂಸು ಕಾಲನ್ನು ಚಪ್ಪಲಿ ಸಮೇತ ಎಳೆದುಕೊಂಡು, "ಅಜ್ಜೀ, ನಿನ್ ಹುಳ್ಳಿ ಮನೆ ಹಾಳಾಗ!" ಅಂದಳು. ಅಷ್ಟು ಸಿಹಿಯಾದ ಮಾತು ನಾನು ಈ ಜನ್ಮದಲ್ಲಿ ಕೇಳಿಲ್ಲ.

ಸೊಟ್ಟಗಾದ ಗಾರ್ಡ್ ನೋಡಿ ಸಿದ್ಲಿಂಗಪ್ಪ, "ಅಕ್ಕಯ್ಯ, ಹುಳ್ಳಿ ಹಾಸೋಳೂ ನೀನೇ, ಗಾರ್ಡ್ ಹಾಕ್ಸೋಳೂ ನೀನೇ!" ಅಂತ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನೇರ ಮಾಡಿಕೊಡು ಅಂದರೆ ಒಪ್ಪಲಿಲ್ಲ.

"ಒಂದ್ಸಲ ಏಟು ತಿಂದ ಪೈಪು ಇನ್ನೊಂದ್ಸಲ ತಡೆಯಾಕಿಲ್ಲ."

ಹೊಸದು ಹಾಕಿ, ಮಲಗಿ, ಕಾಲು ತೂರಿಸಿ ನೋಡಿದ. ಆದರೆ ಈ ಸಲ ಏಳಲಾಗಲಿಲ್ಲ. "ಒಸಿ ಕೈ ಕೊಡವ್ವ" ಅಂದ. ಪವಿತ್ರ ಎಬ್ಬಿಸಿದಳು. ನಾವು ಅವನನ್ನು ಕಂಡಿದ್ದು ಅದೇ ಕೊನೆ. ಮುಂದಿನ ಸುಗ್ಗಿಗೆ ಅವನಿರಲಿಲ್ಲ.

ಈಗ ಹುರುಳಿಯನ್ನು ಅಂಗಳದಲ್ಲೇ ಬಡಿಯುತ್ತೇನೆ. ಮೊನ್ನೆ ಪವಿತ್ರಾಳ ಕೆಲಸ ಕಾಯಂ ಆಯಿತು. ನನ್ನ ಸಂತೋಷ ಏನು ಹೇಳಲಿ, ಬೀದಿಯಲ್ಲಿ ಕಂಡವರಿಗೆಲ್ಲ ಬೆಲ್ಲ ಕೊಟ್ಟೆ! ತಟ್ಟೆ ಇಡ್ಲಿ ತಿನ್ನಿಸ್ತೀನಿ ಬಾ ಅಂತ ಬಿಡದಿಗೆ ಕರೆದುಕೊಂಡು ಹೊರಟಳು. ಮಾಗಡಿಯಲ್ಲಿ ಸಿದ್ಲಿಂಗಪ್ಪನ ಅಂಗಡಿ ಬಂದಾಗ, ನಾನು ಹೇಳದಿದ್ದರೂ ಗಾಡಿ ನಿಧಾನ ಮಾಡಿದಳು. ಬಾಗಿಲು ಹಾಕಿತ್ತು. ಅದರ ಮುಂದೆ ಯಾರೂ ಮಲಗಿರಲಿಲ್ಲ.

ನಾನು ಅವನು ಉಳಿಸಿಕೊಟ್ಟ ಪಟ್ಟಿಯ ಮೇಲೆ ಎರಡೂ ಕಾಲು ಊರಿಕೊಂಡು ಕೂತಿದ್ದೆ.