ಗುಂಜಿಯ ಗಡ್ಡೆಗೆ ಹಾಲೆಂಡಿನ ಹೆಸರು

ನಿನ್ನ ಕೈಯ ಮಾಲಿಗೆ ನಾನು ಪರದೇಶದ ಹೆಸರು ಹಚ್ಚಿದೆ, ಗಂಗವ್ವ. ಹಚ್ಚಿದ ಮೇಲೆ ನಿನ್ನ ಮುಖ ನೋಡಿಕೊಂಡೇ, ನಿನ್ನ ಹೆಸರು ಹೇಳಿದ್ದೇನೆ ಎಂದೆ. ನೀನು ನಂಬಿದೆ. ಇಪ್ಪತ್ತೈದು ವರ್ಷದಿಂದ ಆ ನಂಬಿಕೆಯಲ್ಲೇ ಹಿಗ್ಗಿಕೊಂಡು ಇದ್ದೀ — ಅದಕ್ಕೇ ಇದನ್ನು ಹೇಳುವುದು ಇಷ್ಟು ಕಷ್ಟವಾಗಿದೆ.

ನಿನಗೆ ಅರ್ಧವಷ್ಟೇ ಗೊತ್ತಿರುವ ಭಾಗದಿಂದ ಶುರು ಮಾಡುತ್ತೇನೆ. ಇಪ್ಪತ್ತಾರನೆಯ ಇಸವಿಯೋ, ಇಪ್ಪತ್ತೇಳೋ. ನಾನು ಆಗ ಬೆಳಗಾವಿ ಕ್ಯಾಂಪಿನಲ್ಲಿ, ಸಾಹೇಬರಿಗೆ ಬಿಸ್ಕೀಟು, ಜಾಮು, ಡಬ್ಬಿಯ ಮೀನು ಮಾರುವ ಅಂಗಡಿಯಲ್ಲಿ ಗುಮಾಸ್ತ. ನೀನು ಶನಿವಾರಕ್ಕೊಮ್ಮೆ ಗುಂಜಿಯಿಂದ ರೈಲಿನಲ್ಲಿ ತುಪ್ಪದ ಗಡಿಗೆ ತಂದು ಇಳಿಸುತ್ತಿದ್ದೆಯಲ್ಲ, ಅದೇ ಅಂಗಡಿ. ಆ ಚಳಿಗಾಲ ಒಬ್ಬ ಮೇಜರ್ ಸಾಹೇಬರ ಮಗಳ ಮದುವೆ ಬಂತು. ಅವರಲ್ಲಿ ಮದುವೆ ಊಟದ ಕೊನೆಗೆ ಒಂದು ಬೇರೆ ಮೇಜು ಹಾಕುತ್ತಾರೆ, ಅದರ ತುಂಬ ಬರೀ ಚೀಸು. ಹಾಲು ಒಡೆಸಿ, ಒತ್ತಿ, ತಿಂಗಳುಗಟ್ಟಲೆ ಇಟ್ಟ ಗಟ್ಟಿ ಗಡ್ಡೆಗಳು. ಮುಂಬಯಿಯಿಂದ ಎಂಟು ಬಗೆ ತರಿಸಿ ಅದರಲ್ಲಿ ಚಲೋ ಐದನ್ನು ಆರಿಸಿಡಿರೆಂದು ಮೇಮ್‌ಸಾಹೇಬರ ಅಪ್ಪಣೆಯಾಯಿತು.

ಆರಿಸುವವರು ಯಾರು? ನಮ್ಮ ಮಾಲೀಕರು ನಶ್ಯ ಏರಿಸಿ ಏರಿಸಿ ಮೂಗು ಸತ್ತ ಮನುಷ್ಯ. ಅವರಿಗೆ ಅತ್ತರೂ ಒಂದೇ, ಚಿಮಣಿ ಎಣ್ಣೆಯೂ ಒಂದೇ. ಕೆಲಸ ನನ್ನ ತಲೆಗೆ ಬಂತು. ನಾನೋ ಲಿಂಗವಂತರ ಮನೆಯವನು. ಆ ವಿಲಾಯತಿ ಚೀಸಿಗೆ ಕರುವಿನ ಹೊಟ್ಟೆಯ ರಸದಿಂದ ಹೆಪ್ಪು ಹಾಕುತ್ತಾರೆಂದು ಬಂಗಲೆಯ ಬಟ್ಲರ ಹೇಳಿದ್ದ; ನಾಲಿಗೆಗೆ ಮುಟ್ಟಿಸುವ ಮಾತೇ ಇಲ್ಲ. ಆದರೆ ಗೊತ್ತಿಲ್ಲ ಅನ್ನುವ ಜಾಯಮಾನ ನನ್ನದಲ್ಲ. ನಮ್ಮಪ್ಪ ರವಿವಾರ ಪೇಟೆಯಲ್ಲಿ ಬೆಲ್ಲದ ದಲಾಲಿ. ಪೆಂಟೆಯನ್ನು ಹೆಬ್ಬೆರಳಿನಿಂದ ಒತ್ತಿ, ತಟ್ಟಿ ಸಪ್ಪಳ ಕೇಳಿ, ಮೂಸಿ, ಒಡೆದ ಮೈಯ ಬಣ್ಣ ನೋಡಿ — ತಿನ್ನದೆಯೇ ಹೇಳಿಬಿಡುತ್ತಿದ್ದ, ಇದು ಯಾವ ಗಾಣದ್ದು ಅಂತ. ನಾನೂ ಅದೇ ಲೆಕ್ಕ ಹಿಡಿದೆ. ಅಂಗಡಿಯ ಬಾಗಿಲಲ್ಲಿ ಚಾಪೆ ಹಾಸಿ, ಎಂಟನ್ನೂ ಸಾಲಾಗಿಟ್ಟು, ಬೆಲ್ಲ ತಟ್ಟಿದ ಹಾಗೆ ತಟ್ಟುತ್ತ ಕುಳಿತೆ. ನೋಡಿದವರು ಏನಂದುಕೊಂಡರೋ, ನನಗಂತೂ ಅವತ್ತಿನಷ್ಟು ಖುಷಿ ಆ ಅಂಗಡಿಯಲ್ಲಿ ಎಂದೂ ಆಗಿರಲಿಲ್ಲ.

ಎಂಟರಲ್ಲಿ ಒಂದು ಮಣ್ಣಿನ ಭರಣಿಯಲ್ಲಿತ್ತು. ಮುಚ್ಚಳ ತೆಗೆದರೆ ಒಳಗೆಲ್ಲ ನೀಲಿ ಬೂಸು. ಬೆಲ್ಲಕ್ಕೆ ಬೂಸು ಬಂದರೆ ಏನು ಮಾಡುತ್ತಾರೆ? ತಿಪ್ಪೆಗೆ ಹಾಕುತ್ತಾರೆ. ನಾನೂ ಹಾಕಿದೆ. ಕ್ಯಾಂಪಿನ ನಾಯಿಯೊಂದು ಬಂದು ಮೂಸಿ ಹಿಂದೆ ಸರಿಯಿತು. ನನ್ನ ತೀರ್ಪಿಗೆ ಅದೂ ಸಾಕ್ಷಿಯಾಯಿತು ಅಂದುಕೊಂಡೆ.

ಮದುವೆಗೆ ಎರಡು ದಿನ ಇರುವಾಗ ಮೇಮ್‌ಸಾಹೇಬರು ಬಂದು ಮೊದಲು ಕೇಳಿದ್ದೇ ಆ ನೀಲಿಯದನ್ನು. ಆ ಬೂಸನ್ನು ಬೇಕೆಂದೇ ಬರಿಸುತ್ತಾರಂತೆ, ರುಚಿಯೇ ಅದರಲ್ಲಿದೆಯಂತೆ, ಮಗಳಿಗೆ ಅದೆಂದರೆ ಪ್ರಾಣವಂತೆ. ಅದು ದಾರಿಯಲ್ಲಿ ಕೆಟ್ಟಿತು, ಬದಲಿಗೆ ಹಾಲೆಂಡ್ ದೇಶದ್ದೊಂದು ಬರುತ್ತಿದೆ, ಬಹಳ ಅಪರೂಪದ್ದು ಎಂದು ಇಂಗ್ಲಿಷಿನಲ್ಲಿ ಒದರಿದೆ. ಹಾಲೆಂಡ್ ಯಾಕೆ ಬಾಯಿಗೆ ಬಂತೋ — ಬಾಜೂ ಕಪಾಟಿನ ಡಬ್ಬಿಯ ಮೇಲೆ ಆ ಹೆಸರಿತ್ತು ಅಂತ ಕಾಣುತ್ತದೆ. ಆಕೆ ಒಪ್ಪಿ ಹೋದರು. ಬರುವುದು ಎಲ್ಲಿಂದ? ಮುಂಬಯಿಗೆ ತಾರು ಹೊಡೆದರೂ ಎರಡು ದಿನದಲ್ಲಿ ತಲುಪದು.

ಆಗ ನೀನು ನೆನಪಾದೆ. ತುಪ್ಪ ಇಳಿಸಿ ಅಂಗಡಿಯ ಹಿತ್ತಲಲ್ಲಿ ರೊಟ್ಟಿ ಬಿಚ್ಚಿದಾಗಲೆಲ್ಲ ಅದರ ಜೊತೆ ಒಂದು ಕಂದು ಗಡ್ಡೆಯ ಚೂರು ಇರುತ್ತಿತ್ತು. ಎಮ್ಮೆಯ ಮೊಸರನ್ನು ಅರಿವೆಯಲ್ಲಿ ಕಟ್ಟಿ, ಕಲ್ಲು ಹೇರಿ ಒತ್ತಿ, ಉಪ್ಪು ತಿಕ್ಕಿ, ಒಲೆಯ ಮೇಲೆ ಹೊಗೆಗೆ ತೂಗಿಬಿಟ್ಟದ್ದು. ಎಮ್ಮೆ ಹೊಡೆದುಕೊಂಡು ದೂರದ ಕಾಡಿಗೆ ಹೋಗುವ ಗಂಡಸರ ಬುತ್ತಿಗೆಂದು ನಿಮ್ಮತ್ತೆ ಕಲಿಸಿದ್ದಂತೆ. ನನಗೂ ಮುರಿದು ಕೊಡುತ್ತಿದ್ದೆ. ಅದರಲ್ಲಿ ಯಾವ ಕರುವಿನ ಹೊಟ್ಟೆಯೂ ಇರಲಿಲ್ಲ. ನಾನು ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದೆ.

ಮರುದಿನ ಬೆಳಗಿನ ಗಾಡಿ ಹತ್ತಿ, ಖಾನಾಪುರ ದಾಟಿ ಗುಂಜಿಯಲ್ಲಿ ಇಳಿದು, ಕಾಡಿನ ಅಂಚಿನ ನಿನ್ನ ಮನೆಗೆ ಓಡಿಬಂದೆ. ಸುದ್ದಿ ಕೇಳಿ ನೀನು ಮೊದಲು ನಕ್ಕಿದ್ದು ಎಷ್ಟು. "ಅಯ್ಯ ಶಾಣ್ಯಾ, ಬೆಲ್ಲ ತಟ್ಟಿದಂಗ ತಟ್ಟೀದೇನು?" ಆಮೇಲೆ ಒಲೆಯ ಮೇಲಿನಿಂದ ಆರು ಗಡ್ಡೆ ಇಳಿಸಿ ನನ್ನ ಮುಂದೆ ಇಟ್ಟೆ. ಇದು ಮೊದಲ ಕರು ಹಾಕಿದ ಎಮ್ಮಿದು, ಇದಕ್ಕ ಹೊಗಿ ಜಾಸ್ತಿ ಆತು, ಇದು ಬೀಗರಿಗೆ ಕೊಡೂವಂಥದ್ದಲ್ಲ, ಮನಿ ಮಂದಿಗಷ್ಟ — ಒಂದೊಂದರದೂ ಕುಲಗೋತ್ರ ಹೇಳಿ, ಒಂದೊಂದನ್ನೂ ಕೊಯ್ದು ತಿನ್ನಿಸಿದೆ. ನಾನು ಮೂರನೆಯದನ್ನು ಹೊಗಳಿದರೆ ನಿನಗೆ ಸಿಟ್ಟು, ನಿನಗೆ ಐದನೆಯದೇ ಹೆಚ್ಚು. ನಿನ್ನ ಗಂಡ ದನ ಬಿಡಲು ಹೊರಟವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನಿನ್ನ ಪಕ್ಷ ವಹಿಸಿದ. ಕೊನೆಗೆ ಐದನೆಯದೇ ಗೆದ್ದಿತು. ಖರೇ ಹೇಳುತ್ತೇನೆ, ಅದೇ ಸರಿಯಾದದ್ದು.

ಬುಟ್ಟಿಗೆ ಎಲೆ ಹಾಸಿ ಅದನ್ನಿಡುವಾಗ ನೀನು ಒಂದೇ ಒಂದು ಮಾತು ಕೇಳಿದೆ.

"ತಮ್ಮಾ, ಇಪ್ಪತ್ತು ವರ್ಷ ಆತು ತುಪ್ಪ ಹೊರಾಕ ಹತ್ತಿ. ನಿಮ್ಮ ಅಂಗಡಿ ಡಬ್ಬಿಗೆ ಹೋತು, ಮುಗೀತು. ಇದು ಯಾರ ಕೈದು ಅಂತ ಒಬ್ಬರರೆ ಕೇಳಿಲ್ಲ. ನನಗ ಬ್ಯಾರೆ ಏನೂ ಬ್ಯಾಡ. ಮದುಮಗಳು ತಿಂದು ಚಲೋ ಅಂದ್ಲಂದ್ರ, ಇದು ಗುಂಜಿ ಗಂಗವ್ವನ ಕೈದು ಅಂತ ಆಕಿಗೆ ಹೇಳಬೇಕು. ಹೇಳ್ತೀಯಿಲ್ಲೋ?"

ಹೇಳುತ್ತೇನೆ ಅಂದೆ. ನಿನ್ನ ಕೈ ಮುಟ್ಟಿ ಅಂದೆ.

ಮದುವೆಗೆ ನೀನೂ ನನ್ನ ಜೊತೆ ಬಂದೆ, ಹಸಿರು ಇಳಕಲ್ ಸೀರೆ ಉಟ್ಟು. ಬಂಗಲೆಯ ಪಡಸಾಲೆಯಲ್ಲಿ ಚೀಸಿನ ಮೇಜು, ಅದರ ಹಿಂದೆ ಕೋಟು ರುಮಾಲಿನಲ್ಲಿ ನಾನು, ನನ್ನ ಹಿಂದಿನ ಕಂಬದ ಮರೆಯಲ್ಲಿ ನೀನು. ಮದುಮಗಳು ಬಂದಾಗ ನನ್ನ ಕೋಟು ಜಗ್ಗಿ, "ಯವ್ವಾ, ಬಿಳಿ ಅರಿವಿ ಉಡಿಸ್ಯಾರಲ್ಲೋ ಕೂಸಿಗೆ" ಎಂದು ಪೇಚಾಡಿದೆ. ಅದು ಅವರ ಪದ್ಧತಿ ಅಂದ ಮೇಲೂ ತಡೆಯಲಿಲ್ಲ ನಿನಗೆ. ಮುಂದೆ ಬಂದು ಆಕೆಯ ಮುಖದ ಸುತ್ತ ಕೈ ನಿವಾಳಿಸಿ ಲಟಿಕೆ ಮುರಿದೆ. ಹತ್ತು ಬೆರಳೂ ಲಟಲಟ ಅಂದವು. ಆ ಹುಡುಗಿ ಹೆದರಲಿಲ್ಲ, ನಕ್ಕು ತಾನೂ ನಿನ್ನ ಹಾಗೆಯೇ ಬೆರಳು ಮುರಿಯಲು ನೋಡಿದಳು. ಅವಳ ಗಂಡನೂ ನೋಡಿದ, ಅವನ ದೋಸ್ತರೂ ನೋಡಿದರು. ಅವತ್ತು ಆ ಪಡಸಾಲೆಯಲ್ಲಿ ದೊರೆಗಳೆಲ್ಲ ಬೆರಳು ಮುರಿಯುವುದನ್ನು ಕಲಿತರು.

ಆಮೇಲೆ ಆಕೆ ನಿನ್ನ ಗಡ್ಡೆಯ ಚೂರು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಇನ್ನೊಂದು ತೆಗೆದುಕೊಂಡಳು, ತಾಯಿಯನ್ನು ಕರೆದು ಆಕೆಯ ಬಾಯಿಗೂ ಇಟ್ಟಳು. ಉಳಿದ ನಾಲ್ಕು ಚೀಸಿನ ಬಳಿ ನೊಣ ಕೂಡ ಇರಲಿಲ್ಲ ಅನ್ನು. ಕೊನೆಗೆ ಆಕೆ ನನ್ನ ಕಡೆ ತಿರುಗಿ, ಇದು ಎಲ್ಲಿಯದು, ಮಾಡಿದವರು ಯಾರು ಎಂದು ಕೇಳಿದಳು. ಎರಡನ್ನೂ ಕೇಳಿದಳು, ಗಂಗವ್ವ. ಮಾಡಿದವರು ಯಾರು ಅಂತಲೂ ಕೇಳಿದಳು. ನೀನು ಮೂರು ಮಾರು ಹಿಂದೆ ನಿಂತಿದ್ದೆ.

"ಹಾಲೆಂಡಿನದು," ಅಂದೆ, ನಿನಗೆ ತಿಳಿಯದ ಇಂಗ್ಲಿಷಿನಲ್ಲಿ. "ಅಲ್ಲಿಯ ಒಂದು ಹಳೇ ಮನೆತನದವರು ಮಾಡುತ್ತಾರೆ."

ಅಂಜಿಕೆಯಿಂದ ಅಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳ ತಾಯಿಯ ಮುಂದೆ ಮೊದಲ ಸಲ ಅಂದದ್ದು ಅಂಜಿಕೆ. ಈಗ ಅಂಜಲು ಏನಿತ್ತು? ಲಟಿಕೆ ಮುರಿಸಿಕೊಂಡು ನಕ್ಕ ಹುಡುಗಿ ಅವಳು. ನಿನ್ನ ಹೆಸರು ಹೇಳಿದ್ದರೆ ಓಡಿಬಂದು ನಿನ್ನನ್ನು ಅಪ್ಪಿಕೊಳ್ಳುತ್ತಿದ್ದಳು. ಆದರೆ ಮಂದಿಯೆಲ್ಲ ನನ್ನನ್ನು ನೋಡುತ್ತಿದ್ದರು — ಸಮುದ್ರದಾಚೆಯಿಂದ ಇಂಥದ್ದನ್ನು ಆರಿಸಿ ತರಿಸಿದ ಬುದ್ಧಿವಂತ ಅಂತ. ಗೌಳಿಯ ಮನೆಯ ಒಲೆಯ ಮೇಲಿಂದ ತಂದೆ ಅಂದರೆ ಆ ನೋಟ ನಿನ್ನ ಕಡೆ ತಿರುಗುತ್ತಿತ್ತು. ನನಗದು ಬೇಕಾಗಿರಲಿಲ್ಲ. ಉಂಡ ಮನೆಯ ಜಂತೆ ಎಣಿಸುವವನನ್ನು ಜನ ಬೈಯುತ್ತಾರೆ. ನಾನು ಉಂಡ ಮನೆಯೇ ಇಲ್ಲ ಅಂದವನು.

ನೀನು ಕೇಳಿದೆ, "ಹೇಳಿದೇನೋ ತಮ್ಮಾ?"

"ಹೇಳೀನವ್ವಾ."

"ಏನಂದ್ಲು?"

"ಗ್ಯಾಂಗಾವಾ ಅಂದ್ಲು. ಅವರ ನಾಲಿಗಿ ಹೊರಳೂದಿಲ್ಲ."

ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ ನೀನು. ಕಣ್ಣಲ್ಲಿ ನೀರು ಬರುವತನಕ ನಕ್ಕೆ. ಗುಂಜಿ ಸ್ಟೇಶನ್ನಿನಲ್ಲಿ ಇಳಿದವಳು ಮನೆ ಮುಟ್ಟುವಷ್ಟರಲ್ಲಿ ಊರಿಗೆಲ್ಲ ಹೇಳಿದ್ದೆಯಂತೆ.

ಹೋದ ತಿಂಗಳು ನಿನ್ನ ಮೊಮ್ಮಗಳ ಮದುವೆಗೆ ನೀನು ಕರೆದೆ, ನಾನು ಬಂದೆ. ಹಂದರದ ಕೆಳಗೆ ನನ್ನನ್ನು ಬೀಗರ ಮುಂದೆ ಎಬ್ಬಿಸಿ ನಿಲ್ಲಿಸಿ, "ಈ ಗುಮಾಸ್ತರನ್ನಽ ಕೇಳ್ರಿ, ಇವರಽ ಇದ್ರು ಅಲ್ಲಿ" ಅಂದೆ. ನಾನು ಹೇಳಿದೆ. ಇಲ್ಲದ್ದು ಎರಡು ಸೇರಿಸಿಯೇ ಹೇಳಿದೆ. ಬೀಗತಿ ಎದ್ದು ಬಂದು, ಆ ಗಡ್ಡೆ ಕಟ್ಟುವುದನ್ನು ನಮಗೂ ಕಲಿಸ್ರಿ ಅಂತ ನಿನ್ನ ಕೈ ಹಿಡಿದಳು. ನಿನ್ನ ಮುಖ ನೋಡಿ ನನಗೂ ಸಂತೋಷವಾಯಿತು — ನಾಚಿಕೆಗೇಡಿ ನಾನು, ಖರೇವಾಗಿಯೂ ಸಂತೋಷವಾಯಿತು. ಹೊರಡುವಾಗ ಬಾಗಿಲಲ್ಲಿ ನನ್ನ ತೋಳು ಹಿಡಿದು, "ತಮ್ಮಾ, ಆ ಹುಡುಗಿ ಅಂದಿದ್ದು ಇನ್ನೊಮ್ಮಿ ಅಂದು ತೋರಸೋ" ಅಂದೆ. ನಾನು ಅಂದು ತೋರಿಸಿದೆ. ಈಗ ಹಲ್ಲಿಲ್ಲದ ಬಾಯಿಗೆ ಅವತ್ತಿನ ಹಾಗೆಯೇ ಸೆರಗು ಒತ್ತಿಕೊಂಡು ನೀನು ಮತ್ತೆ ನಕ್ಕೆ.

ನಿನಗೆ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿಯವರೆಗೆ ಇಷ್ಟು ಧೈರ್ಯದಿಂದ ಬರೆದೆ ಅನ್ನುವುದೂ ನನಗೆ ಗೊತ್ತು. ಬೇರೆ ಯಾರ ಕೈಯಲ್ಲೂ ಇದನ್ನು ಕೊಟ್ಟು ಕಳಿಸುವುದಿಲ್ಲ. ಬರುವ ಶನಿವಾರ ಗುಂಜಿಗೆ ಬಂದು, ನಿನ್ನ ಎದುರು ಕೂತು, ನಾನೇ ಓದುತ್ತೇನೆ. ಕೊನೆಯ ಸಾಲು ಬಂದಾಗ ಕಾಗದ ಕೆಳಗಿಟ್ಟು, ನಿನ್ನ ಮುಖ ನೋಡಿಯೇ ಹೇಳಬೇಕು — ಗ್ಯಾಂಗಾವಾ ಅಂತ ಯಾವ ಮದುಮಗಳೂ ಅನ್ನಲಿಲ್ಲ, ಗಂಗವ್ವ, ಅಂದವನು ನಾನೊಬ್ಬನೇ.